ಹತ್ತನೆಯ ಬಾಗಿಲು: ಹೊಟ್ಟೆಯ ಡಯಾಲಿಸಿಸ್ ಮತ್ತು ಸೋಂಕಿನ ಚರಿತ್ರೆ

ದೇಹವನ್ನು ಒಂಬತ್ತು ಬಾಗಿಲಿನ ಮನೆ ಎನ್ನುವ ಮಾತು ನಮ್ಮಲ್ಲಿ ಬಹಳ ಹಳೆಯದು. ಯೋಗಿಗಳು ಹತ್ತನೆಯದೊಂದನ್ನು ನೆತ್ತಿಯಲ್ಲಿ ಕಂಡರು. ಇಪ್ಪತ್ತನೆಯ ಶತಮಾನದ ವೈದ್ಯರು ಮಾಡಿದ ಹತ್ತನೆಯ ಬಾಗಿಲು ಬೇರೆ ಬಗೆಯದು. ಅದು ಹೊಕ್ಕುಳಿನ ಪಕ್ಕದಲ್ಲಿರುತ್ತದೆ; ಪೆನ್ಸಿಲಿಗಿಂತ ತೆಳುವಾದ ಒಂದು ಸಿಲಿಕೋನ್ ಕೊಳವೆ. ಎರಡೂ ಮೂತ್ರಪಿಂಡಗಳು ಸೋತವರ ಮೈಯಲ್ಲಿ ಸೇರಿಕೊಳ್ಳುವ ಯೂರಿಯಾ, ಪೊಟ್ಯಾಸಿಯಂ, ಹೆಚ್ಚಿನ ನೀರು ಎಲ್ಲವೂ ಆ ಕೊಳವೆಯಿಂದ ಹೊರಗೆ ಹೋಗುತ್ತವೆ. ಈ ಚಿಕಿತ್ಸೆಯ ಹೆಸರು ಪೆರಿಟೋನಿಯಲ್ ಡಯಾಲಿಸಿಸ್. ಆದರೆ ಬಾಗಿಲು ಎಂದಮೇಲೆ ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ ಅದೇ ದಾರಿ. ಕಶ್ಮಲ ಹೊರಹೋಗುವ ಕೊಳವೆಯಲ್ಲೇ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಒಳಗೆ ಬಂದುಬಿಡಬಹುದು.

ಹಾಗೆ ಬಂದರೆ ಹೊಟ್ಟೆಯ ಒಳಪೊರೆ ಉರಿಯೂತಕ್ಕೆ ಒಳಗಾಗುತ್ತದೆ. ಅದನ್ನು ಪೆರಿಟೊನೈಟಿಸ್ ಎನ್ನುತ್ತಾರೆ. ಹೊಟ್ಟೆ ನೋಯುತ್ತದೆ, ಜ್ವರ ಬರುತ್ತದೆ, ಹೊರಬರುವ ನೀರು ಅಕ್ಕಚ್ಚಿನ ಹಾಗೆ ಕದಡಿರುತ್ತದೆ. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರ ಕೊಳವೆ ತೆಗೆಯಬೇಕಾಗುತ್ತದೆ, ಕೆಲವರ ಒಳಪೊರೆ ಶಾಶ್ವತವಾಗಿ ಕೆಟ್ಟುಹೋಗುತ್ತದೆ, ಕೆಲವರು ಸಾಯುತ್ತಾರೆ. ಸೋಂಕು ತಗುಲಿಸಿಕೊಂಡು ಆಸ್ಪತ್ರೆಗೆ ಬಂದ ರೋಗಿಗೆ ಮೊದಲು ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಕೈ ಸರಿಯಾಗಿ ತೊಳೆದುಕೊಂಡಿದ್ರಾ?” ಪ್ರಶ್ನೆ ತಪ್ಪಲ್ಲ. ಆದರೆ ಈ ಚಿಕಿತ್ಸೆ ನಡೆದುಬಂದ ದಾರಿಯನ್ನು ನೋಡಿದರೆ, ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂದು ತಿಳಿಯುತ್ತದೆ: ಆ ಕೈಗೆ ನಾವು ಕೊಟ್ಟ ಸಲಕರಣೆ ಎಂಥದ್ದು?

ದ್ರಾಕ್ಷಾರಸದಿಂದ ಸಕ್ಕರೆ ನೀರಿಗೆ

ಹೊಟ್ಟೆಯೊಳಗೆ ಕರುಳು, ಪಿತ್ತಕೋಶ, ಯಕೃತ್ತುಗಳನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯೇ ಪೆರಿಟೋನಿಯಂ. ಮಡಿಕೆಗಳನ್ನೆಲ್ಲ ಬಿಡಿಸಿ ಹರವಿದರೆ ಅದರ ವಿಸ್ತಾರ ಹೆಚ್ಚುಕಡಿಮೆ ಮೈಮೇಲಿನ ಚರ್ಮದಷ್ಟಿರುತ್ತದೆ. ಅದರ ತುಂಬ ನವಿರಾದ ರಕ್ತನಾಳಗಳು. ಪೊರೆಯ ಒಂದು ಕಡೆ ರಕ್ತ, ಇನ್ನೊಂದು ಕಡೆ ಶುದ್ಧವಾದ ದ್ರಾವಣ ಇದ್ದರೆ ರಕ್ತದಲ್ಲಿ ಹೆಚ್ಚಾಗಿರುವ ಕಶ್ಮಲ ನಿಧಾನವಾಗಿ ದ್ರಾವಣಕ್ಕೆ ಇಳಿಯುತ್ತದೆ. ದ್ರಾವಣದಲ್ಲಿ ಗ್ಲೂಕೋಸ್ ಬೆರೆಸಿದರೆ ಅದು ನೀರನ್ನೂ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿಗೆ ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುವುದೂ ಇದೇ ತತ್ವದ ಮೇಲೆ.

ಹೊಟ್ಟೆಗೆ ದ್ರವ ಹಾಕಿ ತೆಗೆಯುವ ಯೋಚನೆ ಈ ತತ್ವ ತಿಳಿಯುವುದಕ್ಕಿಂತ ಹಿಂದಿನದು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಕ್ರಿಸ್ಟೋಫರ್ ವಾರಿಕ್ ಎಂಬ ಶಸ್ತ್ರವೈದ್ಯ ಜಲೋದರದಿಂದ ನರಳುತ್ತಿದ್ದ ಹೆಂಗಸಿನ ಹೊಟ್ಟೆಯ ನೀರನ್ನು ತೆಗೆದು, ಅದರ ಜಾಗಕ್ಕೆ ಬ್ರಿಸ್ಟಲ್ ಊರಿನ ಔಷಧೀಯ ಚಿಲುಮೆಯ ನೀರನ್ನೂ ಕೆಂಪು ದ್ರಾಕ್ಷಾರಸವನ್ನೂ ಬೆರೆಸಿ ತುಂಬಿದ. ಆಕೆ ಚೇತರಿಸಿಕೊಂಡಳೆಂದು ಆತ ಬರೆದ ವರದಿ 1744ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದನ್ನು ಕೇಳಿದ ಸ್ಟೀಫನ್ ಹೇಲ್ಸ್, ಒಂದೇ ಕಡೆ ಚುಚ್ಚುವ ಬದಲು ಎರಡು ಕೊಳವೆ ಇಟ್ಟು ಒಂದರಿಂದ ಹಾಕಿ ಇನ್ನೊಂದರಿಂದ ತೆಗೆಯಬಹುದಲ್ಲ ಎಂದು ಸೂಚಿಸಿದ. ರೋಗಾಣು ಎಂಬ ಕಲ್ಪನೆಯೇ ಹುಟ್ಟಿರದ ಕಾಲ ಅದು. ಲೂಯಿ ಪಾಸ್ಚರ್ ಮತ್ತು ಜೋಸೆಫ್ ಲಿಸ್ಟರ್ ಬರುವುದಕ್ಕೆ ಇನ್ನೂ ನೂರು ವರ್ಷದ ಮೇಲಿತ್ತು.

1877ರಲ್ಲಿ ಜರ್ಮನಿಯ ಗಿಯೋರ್ಗ್ ವೆಗ್ನರ್ ಪ್ರಾಣಿಗಳ ಹೊಟ್ಟೆಗೆ ಗಟ್ಟಿಯಾದ ಸಕ್ಕರೆ ದ್ರಾವಣ ಹಾಕಿ ನೋಡಿದ. ಹಾಕಿದ್ದಕ್ಕಿಂತ ಹೆಚ್ಚು ದ್ರವ ಅಲ್ಲಿ ಸೇರಿಕೊಂಡಿತ್ತು. 1894ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಮತ್ತು ಟಬ್ಬಿ, ಈ ಕೊಡುಕೊಳ್ಳುವಿಕೆ ಪೊರೆಯ ರಕ್ತನಾಳಗಳ ಮೂಲಕವೇ ನಡೆಯುತ್ತದೆ ಎಂದು ತೋರಿಸಿದರು. ಇವರಲ್ಲಿ ಯಾರ ಮನಸ್ಸಿನಲ್ಲೂ ಮೂತ್ರಪಿಂಡದ ಕಾಯಿಲೆ ಇರಲಿಲ್ಲ.

ಆ ಎರಡನ್ನೂ ಒಂದು ಕಡೆ ತಂದವನು ವುರ್ಟ್ಸ್‌ಬರ್ಗ್‌ನ ಗಿಯೋರ್ಗ್ ಗಾಂಟರ್, 1923ರಲ್ಲಿ. ಮೂತ್ರನಾಳಗಳನ್ನು ಕಟ್ಟಿದ ಪ್ರಾಣಿಗಳ ಹೊಟ್ಟೆಗೆ ಉಪ್ಪುನೀರು ಹಾಕಿ ತೆಗೆದಾಗ ಅವು ಕೊಂಚ ಚೇತರಿಸಿಕೊಳ್ಳುವುದನ್ನು ಆತ ಕಂಡ. ಗರ್ಭಕೋಶದ ಕ್ಯಾನ್ಸರಿನಿಂದ ಮೂತ್ರ ಕಟ್ಟಿಹೋಗಿದ್ದ ಹೆಂಗಸೊಬ್ಬರಿಗೆ ಒಂದೂವರೆ ಲೀಟರ್ ಉಪ್ಪುನೀರು ಹಾಕಿದ. ಸ್ವಲ್ಪ ಹೊತ್ತಿನ ಸುಧಾರಣೆ ಕಂಡಿತು, ಆಕೆ ಉಳಿಯಲಿಲ್ಲ. ಆದರೆ ಗಾಂಟರ್ ಅಷ್ಟರಲ್ಲೇ ಕಂಡುಕೊಂಡಿದ್ದನ್ನು ನೋಡಿದರೆ ಅಚ್ಚರಿಯಾಗುತ್ತದೆ. ಹೊಟ್ಟೆಗೆ ಒಳ್ಳೆಯ ದಾರಿ ಬೇಕು, ದ್ರಾವಣ ಒಳಗೆ ಕೆಲಹೊತ್ತು ನಿಲ್ಲಬೇಕು, ನೀರು ತೆಗೆಯಬೇಕಾದರೆ ಸಕ್ಕರೆ ಬೇಕು, ಮತ್ತು ಎಲ್ಲಕ್ಕಿಂತ ದೊಡ್ಡ ತೊಡಕು ಸೋಂಕು. ಮುಂದಿನ ನೂರು ವರ್ಷದ ಕೆಲಸದ ಪಟ್ಟಿ ಮೊದಲ ರೋಗಿಯಲ್ಲೇ ಸಿದ್ಧವಾಗಿತ್ತು.

ಬಾಸ್ಟನ್ನಿನ ವಿಪರ್ಯಾಸ

1946ರಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯ ಹೊವಾರ್ಡ್ ಫ್ರಾಂಕ್, ಆರ್ನಾಲ್ಡ್ ಸೆಲಿಗ್ಮನ್ ಮತ್ತು ಜೇಕಬ್ ಫೈನ್ ಮೂತ್ರ ನಿಂತುಹೋದ ರೋಗಿಯೊಬ್ಬರನ್ನು ಹೊಟ್ಟೆಯ ಡಯಾಲಿಸಿಸ್‌ನಿಂದ ಬದುಕಿಸಿಕೊಂಡ ಸುದ್ದಿಯನ್ನು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆತನ ಮೂತ್ರಪಿಂಡ ಕೆಟ್ಟಿದ್ದು ಸಲ್ಫಾಥಯಜೋಲ್ ಎಂಬ ಸಲ್ಫಾ ಔಷಧದಿಂದ. ಸೋಂಕನ್ನು ಕೊಲ್ಲಲು ಕೊಟ್ಟ ಮದ್ದು ಮೂತ್ರಪಿಂಡವನ್ನು ಕೆಡಿಸಿತ್ತು; ಮೂತ್ರಪಿಂಡಕ್ಕೆ ಬದಲಾಗಿ ಬಂದ ಚಿಕಿತ್ಸೆ ಮತ್ತೆ ಸೋಂಕಿನ ಬಾಗಿಲನ್ನು ತೆರೆಯುತ್ತಿತ್ತು.

ಅವರು ಅನುಸರಿಸಿದ್ದು ಹೇಲ್ಸ್ ಹೇಳಿದ ಎರಡು ಕೊಳವೆಯ ವಿಧಾನ. ಒಂದರಿಂದ ದ್ರಾವಣ ಎಡೆಬಿಡದೆ ಒಳಗೆ, ಇನ್ನೊಂದರಿಂದ ಹೊರಗೆ. ದಿನವಿಡೀ ಹರಿಯುವ ಅಷ್ಟೂ ದ್ರಾವಣವನ್ನು ಆಸ್ಪತ್ರೆಯಲ್ಲೇ ತಯಾರಿಸಿ, ಕ್ರಿಮಿಶುದ್ಧಗೊಳಿಸಿ, ದೊಡ್ಡ ಗಾಜಿನ ಪಾತ್ರೆಗಳಲ್ಲಿ ತುಂಬಿಡಬೇಕಿತ್ತು. ಕೀಲುಗಳು ಹಲವು, ತೆರೆದು ಮುಚ್ಚುವ ಸಂದರ್ಭಗಳು ಹಲವು. ರೋಗಿ ಉಳಿದರೂ ಸೋಂಕು ತಪ್ಪುತ್ತಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1945ರಲ್ಲಿ, ನೆದರ್ಲೆಂಡ್ಸ್‌ನ ವಿಲ್ಲೆಮ್ ಕೋಲ್ಫ್ ತನ್ನ ತಿರುಗುವ ಪೀಪಾಯಿಯಂಥ ಯಂತ್ರದಿಂದ ರಕ್ತವನ್ನೇ ಹೊರಗೆ ತೆಗೆದು ಶುದ್ಧಮಾಡಿ ರೋಗಿಯೊಬ್ಬರನ್ನು ಉಳಿಸಿದ್ದ. ಹೀಗಾಗಿ ಹೊಟ್ಟೆಯ ಡಯಾಲಿಸಿಸ್ ಎಂದರೆ ಸುಲಭ, ಆದರೆ ಕೀವು ಹಿಡಿಯುವ ಚಿಕಿತ್ಸೆ ಎಂಬ ಹೆಸರು ಉಳಿದುಕೊಂಡಿತು.

1959ರಲ್ಲಿ ಲಾಸ್ ಏಂಜಲಿಸ್‌ನ ಮಾರ್ಟನ್ ಮ್ಯಾಕ್ಸ್‌ವೆಲ್ ಮತ್ತು ಸಂಗಡಿಗರು ಎರಡು ಸರಳ ಬದಲಾವಣೆ ಮಾಡಿದರು. ಕಾರ್ಖಾನೆಯಲ್ಲಿ ತಯಾರಾದ ಶುದ್ಧ ದ್ರಾವಣದ ಬಾಟಲಿಗಳನ್ನು ಬಳಸಿದರು. ಅವನ್ನು ಎತ್ತರಕ್ಕೆ ತೂಗುಹಾಕಿ ಹೊಟ್ಟೆ ತುಂಬಿಸಿ, ಸ್ವಲ್ಪ ಹೊತ್ತಿನ ಮೇಲೆ ಅದೇ ಖಾಲಿ ಬಾಟಲಿಗಳನ್ನು ನೆಲಕ್ಕಿಳಿಸಿ ದ್ರವವನ್ನು ವಾಪಸ್ಸು ಇಳಿಸಿಕೊಂಡರು. ನಡುವೆ ಎಲ್ಲೂ ಬಿಚ್ಚುವಂತಿರಲಿಲ್ಲ. ದಿಢೀರನೆ ಮೂತ್ರಪಿಂಡ ನಿಂತ ರೋಗಿಯನ್ನು ಕೆಲವು ದಿನ ದಾಟಿಸಲು ಇಷ್ಟು ಸಾಕಾಗಿತ್ತು. ಮೂತ್ರಪಿಂಡ ಶಾಶ್ವತವಾಗಿ ಹೋದವರಿಗೆ ಸಾಲುತ್ತಿರಲಿಲ್ಲ. ಅವರಿಗೆ ಬೇಕಾದದ್ದು ವರ್ಷಗಟ್ಟಲೆ ಇರುವ ಬಾಗಿಲು.

ಸಿಯಾಟಲ್‌ನ ಕೊಳವೆ

ಆ ಬಾಗಿಲಿನ ಕೆಲಸ ನಡೆದದ್ದು ಅಮೆರಿಕದ ಸಿಯಾಟಲ್ ನಗರದಲ್ಲಿ. ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ತೋಳಿನ ರಕ್ತನಾಳಗಳಿಗೆ ಟೆಫ್ಲಾನ್ ಕೊಳವೆ ಜೋಡಿಸಿ, ರಕ್ತದ ಡಯಾಲಿಸಿಸನ್ನು ಮತ್ತೆಮತ್ತೆ ಮಾಡಲು ದಾರಿ ತೆರೆದಿದ್ದ. ಯಂತ್ರಗಳು ಕೆಲವೇ, ರೋಗಿಗಳು ನೂರಾರು. ಯಾರಿಗೆ ಯಂತ್ರ ಕೊಡಬೇಕು, ಅಂದರೆ ಯಾರು ಬದುಕಬೇಕು ಎಂದು ತೀರ್ಮಾನಿಸಲು ಊರಿನ ನಾಗರಿಕರ ಸಮಿತಿಯೊಂದು ಕೂತಿತು. ಯಂತ್ರ ಸಿಗದವರಿಗೆ ಇನ್ನೊಂದು ದಾರಿ ಹುಡುಕಲು ಸ್ಕ್ರಿಬ್ನರ್, ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊಟ್ಟೆಯ ಡಯಾಲಿಸಿಸ್ ಕುರಿತು ಮಹಾಪ್ರಬಂಧ ಬರೆದಿದ್ದ ಇಂಡೋನೇಷ್ಯಾ ಮೂಲದ ಫ್ರೆಡ್ ಬೂನ್ ಅವರನ್ನು ಕರೆಸಿಕೊಂಡ.

ಬೂನ್ ನಲವತ್ತು ಲೀಟರಿನ ಗಾಜಿನ ಪಾತ್ರೆಗಳಿಂದ ತಾನಾಗಿಯೇ ದ್ರಾವಣ ಹಾಕಿ ತೆಗೆಯುವ ಮುಚ್ಚಿದ ಯಂತ್ರವೊಂದನ್ನು ಕಟ್ಟಿದರು. ಬಾಟಲಿ ಬದಲಿಸುವ ಗೋಜು ತಪ್ಪಿತು. ಆದರೆ ಹೊಟ್ಟೆಯಲ್ಲಿ ಶಾಶ್ವತವಾಗಿ ಕೊಳವೆ ಬಿಟ್ಟಾಗಲೆಲ್ಲ ಅದರ ಪಕ್ಕದಿಂದ ಸೋಂಕು ನುಸುಳುತ್ತಿತ್ತು. ಕೊನೆಗೆ ಅವರು ಶಾಶ್ವತ ಕೊಳವೆಯನ್ನೇ ಕೈಬಿಟ್ಟು, ಪ್ರತಿ ಸಲವೂ ಹೊಸದಾಗಿ ಚುಚ್ಚಿ, ಡಯಾಲಿಸಿಸ್ ಮುಗಿದ ಮೇಲೆ ತೆಗೆದುಬಿಡುವ ಪದ್ಧತಿಗೆ ಬಂದರು. ಬಾಗಿಲು ಕಾಯಲಾಗದಿದ್ದರೆ ಗೋಡೆ ಕಟ್ಟಿ ದಿನಾ ಒಡೆಯುವುದೇ ವಾಸಿ ಎಂಬಂತಿತ್ತು ಆ ಲೆಕ್ಕ.

ಜರ್ಮನಿಯಿಂದ ಬಂದು ಅವರ ಜೊತೆ ಸೇರಿದ ಹೆನ್ರಿ ಟೆಂಕಾಫ್ ಇದೇ ಪದ್ಧತಿಯನ್ನು ರೋಗಿಯ ಮನೆಗೆ ಕೊಂಡೊಯ್ದರು. ಪ್ರತಿ ಡಯಾಲಿಸಿಸ್‌ಗೂ ವೈದ್ಯರೇ ಮನೆಗೆ ಹೋಗಿ ಹೊಟ್ಟೆ ಚುಚ್ಚಿ ಕೊಳವೆ ಇಡಬೇಕಿತ್ತು. ಮನೆಯ ಡಯಾಲಿಸಿಸ್‌ನ ಒಂದು ವರ್ಷದ ಅನುಭವವನ್ನು ಅವರು 1965ರಲ್ಲಿ ಪ್ರಕಟಿಸಿದರು. ಒಬ್ಬ ವೈದ್ಯ ಹೀಗೆ ಎಷ್ಟು ಮನೆಗಳಿಗೆ ಹೋಗಬಲ್ಲ?

1968ರಲ್ಲಿ ಟೆಂಕಾಫ್ ಮತ್ತು ಶೆಕ್ಟರ್ ಹೊಸ ಕೊಳವೆಯನ್ನು ಬೆಳಕಿಗೆ ತಂದರು. ತಮ್ಮ ಲೇಖನದ ಶೀರ್ಷಿಕೆಯಲ್ಲಿ ಅವರು ಅದನ್ನು ಕರೆದದ್ದೇ ‘ಬ್ಯಾಕ್ಟೀರಿಯಾದ ದೃಷ್ಟಿಯಿಂದ ಸುರಕ್ಷಿತವಾದ’ ಸಾಧನವೆಂದು. ಸಿಲಿಕೋನಿನ ಮೆದುವಾದ ಕೊಳವೆಯನ್ನು ವ್ಯಾಂಕೂವರಿನ ರಸೆಲ್ ಪಾಮರ್ ಮತ್ತು ಸಿಯಾಟಲ್‌ನ ವೇಯ್ನ್ ಕ್ವಿಂಟನ್ ಆಗಲೇ ಬಳಸಿದ್ದರು. ಟೆಂಕಾಫ್ ಅದಕ್ಕೆ ಸೇರಿಸಿದ್ದು ಡೇಕ್ರಾನ್ ಬಟ್ಟೆಯ ಎರಡು ಪಟ್ಟಿಗಳನ್ನು. ಕೊಳವೆ ಚರ್ಮದ ಕೆಳಗೆ ಒಂದು ಸಣ್ಣ ಸುರಂಗದಲ್ಲಿ ಹಾದುಹೋಗುತ್ತದೆ. ಸುರಂಗದ ಒಂದು ತುದಿಯಲ್ಲಿ ಒಂದು ಪಟ್ಟಿ, ಇನ್ನೊಂದು ತುದಿಯಲ್ಲಿ ಇನ್ನೊಂದು. ಬಟ್ಟೆಯ ನೂಲುಗಳ ಸಂದಿಯಲ್ಲಿ ದೇಹದ ಅಂಗಾಂಶ ಬೆಳೆದು ಹೆಣೆದುಕೊಳ್ಳುತ್ತದೆ. ಅಂದರೆ ಕೊಳವೆಯ ಸುತ್ತ ಬಿರುಕನ್ನು ಮೆತ್ತುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ಅರ್ಧ ಶತಮಾನ ಕಳೆದರೂ ಜಗತ್ತಿನ ಬಹುಪಾಲು ರೋಗಿಗಳ ಹೊಟ್ಟೆಯಲ್ಲಿರುವುದು ಈ ಕೊಳವೆ ಅಥವಾ ಇದರ ಅಣ್ಣತಮ್ಮಂದಿರು.

ಹತ್ತು ವಾರಕ್ಕೊಂದು ಸೋಂಕು

ಕೊಳವೆಯ ಹೊರಗಿನ ದಾರಿ ಹೀಗೆ ಮುಚ್ಚಿತು. ಒಳಗಿನ ದಾರಿ ಉಳಿಯಿತು. ಅದರ ಕಷ್ಟ ಪೂರ್ತಿ ಗೊತ್ತಾದದ್ದು 1970ರ ದಶಕದಲ್ಲಿ, ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ. ಅಲ್ಲಿ ರಕ್ತದ ಡಯಾಲಿಸಿಸ್‌ಗೆ ಬೇಕಾದ ರಕ್ತನಾಳದ ದಾರಿ ಸಿಗದ ರೋಗಿಯೊಬ್ಬರಿದ್ದರು. ಇಂಜಿನಿಯರ್ ರಾಬರ್ಟ್ ಪೊಪೊವಿಚ್ ಮತ್ತು ವೈದ್ಯ ಜ್ಯಾಕ್ ಮೊಂಕ್ರೀಫ್ ಕಾಗದದ ಮೇಲೆ ಲೆಕ್ಕ ಹಾಕಿದರು. ಎರಡು ಲೀಟರ್ ದ್ರಾವಣವನ್ನು ಹೊಟ್ಟೆಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಯೂರಿಯಾ ಎರಡೂ ಕಡೆ ಸಮವಾಗುತ್ತದೆ. ದಿನಕ್ಕೆ ಐದು ಸಲ ಹೀಗೆ ಬದಲಿಸಿದರೆ ಯಂತ್ರವೇ ಬೇಡ. ರೋಗಿ ಓಡಾಡಿಕೊಂಡಿರಬಹುದು, ಮೂತ್ರಪಿಂಡದ ಹಾಗೆ ಇದೂ ಹಗಲುರಾತ್ರಿ ಸದ್ದಿಲ್ಲದೆ ಕೆಲಸ ಮಾಡುತ್ತದೆ. 1976ರಲ್ಲಿ ಅವರು ಕಳಿಸಿದ ಸಾರಲೇಖವನ್ನು ಕೃತಕ ಅಂಗಗಳ ಸಂಘದ ಸಮ್ಮೇಳನ ತಿರಸ್ಕರಿಸಿತು. ಇಂದು ಸಿಎಪಿಡಿ ಎಂದು ಎಲ್ಲ ಕಡೆ ಕರೆಸಿಕೊಳ್ಳುವ ವಿಧಾನ ಅದೇ. ಮಿಸೌರಿಯ ಕಾರ್ಲ್ ನಾಲ್ಫ್ ಮತ್ತಿತರರೊಂದಿಗೆ ಸೇರಿ 1978ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು.

ರೋಗಿಗಳ ಹಸಿವು ಮರಳಿತು, ರಕ್ತ ಸುಧಾರಿಸಿತು. ಆದರೆ ಸರಾಸರಿ ಹತ್ತು ವಾರಕ್ಕೊಮ್ಮೆ ಪೆರಿಟೊನೈಟಿಸ್ ಬರುತ್ತಿತ್ತು. ಅಂದರೆ ಒಬ್ಬ ರೋಗಿಗೆ ವರ್ಷಕ್ಕೆ ಐದು ಸಲ. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ದ್ರಾವಣ ಬರುತ್ತಿದ್ದದ್ದು ಗಾಜಿನ ಬಾಟಲಿಗಳಲ್ಲಿ. ಬಾಟಲಿ ಜೋಡಿಸಬೇಕು, ತುಂಬಿದ ಮೇಲೆ ಬಿಚ್ಚಬೇಕು, ಕೊಳವೆಗೆ ಮುಚ್ಚಳ ಹಾಕಬೇಕು, ಗಂಟೆಗಳ ನಂತರ ಮುಚ್ಚಳ ತೆಗೆದು ಹಳೆಯ ದ್ರಾವಣ ಇಳಿಸಬೇಕು, ಮತ್ತೆ ಹೊಸ ಬಾಟಲಿ. ದಿನಕ್ಕೆ ಐದು ಎಂದರೆ ವರ್ಷಕ್ಕೆ 1,825 ಸಲ ಈ ಸರಣಿ. ಒಂದೊಂದು ಸರಣಿಯಲ್ಲೂ ಹಲವು ಬಿಚ್ಚುವಿಕೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅಚ್ಚುಕಟ್ಟಾಗಿ ಮಾಡಿದರೂ ಉಳಿದ ಒಂದು ಪಾಲು ವರ್ಷಕ್ಕೆ ಹದಿನೆಂಟು ತಪ್ಪುಗಳಾಗುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಪಳಗಿದ ಕೈಗಳಿಗೂ ಕಷ್ಟವಾದ ಶುಚಿತ್ವವನ್ನು ನಿದ್ದೆಗಣ್ಣಿನ ರೋಗಿಯೊಬ್ಬ ಬೆಳಗಿನ ಜಾವ ಅಡುಗೆಮನೆಯ ಪಕ್ಕದಲ್ಲಿ ಕೂತು ಪಾಲಿಸಬೇಕಿತ್ತು.

ಟೊರಾಂಟೊದಲ್ಲಿದ್ದ ಗ್ರೀಸ್ ಮೂಲದ ವೈದ್ಯ ಡಿಮಿಟ್ರಿಯೋಸ್ ಓರಿಯೊಪೌಲೋಸ್ ಗಾಜಿನ ಬದಲು ಮೆತ್ತನೆಯ ಪ್ಲಾಸ್ಟಿಕ್ ಚೀಲ ಬಳಸಿದರು. ಮ್ಯಾಕ್ಸ್‌ವೆಲ್‌ನ ಬಾಟಲಿಯ ಯೋಚನೆಯೇ ಇಲ್ಲಿ ಹೊಸ ಬಟ್ಟೆ ಉಟ್ಟು ಬಂದಿತ್ತು. ದ್ರಾವಣ ಒಳಗೆ ಹೋದ ಮೇಲೆ ಖಾಲಿ ಚೀಲವನ್ನು ಬಿಚ್ಚಬೇಕಿಲ್ಲ. ಮಡಚಿ ಬಟ್ಟೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡರಾಯಿತು. ಕೆಲವು ಗಂಟೆಗಳ ನಂತರ ಅದನ್ನೇ ನೆಲಕ್ಕಿಳಿಸಿದರೆ ಹೊಟ್ಟೆಯ ದ್ರಾವಣ ಅದರೊಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ಸಲ ಬಿಚ್ಚಿ ಹೊಸ ಚೀಲ ಜೋಡಿಸುವುದು. ಒಂದು ಸರಣಿಗೆ ಒಂದೇ ಬಿಚ್ಚುವಿಕೆ. ಸೋಂಕು ಗಣನೀಯವಾಗಿ ಇಳಿಯಿತು. 1978ರಲ್ಲಿ ಅಮೆರಿಕದ ಔಷಧ ನಿಯಂತ್ರಕರೂ ಈ ಚೀಲಗಳಿಗೆ ಒಪ್ಪಿಗೆ ಕೊಟ್ಟರು. ಸುಮ್ಮನೆ ಕಳಚಿಕೊಳ್ಳುತ್ತಿದ್ದ ಪ್ಲಾಸ್ಟಿಕ್ ಕೀಲಿನ ಜಾಗಕ್ಕೆ ಗಟ್ಟಿಯಾದ ಟೈಟಾನಿಯಂ ಕೀಲು ಬಂತು. ಈ ಅವಧಿಯಲ್ಲಿ ರೋಗಿಗಳ ಶಿಸ್ತು ಏಕಾಏಕಿ ಹೆಚ್ಚಿತೆಂದು ಯಾರೂ ಹೇಳಲಾರರು. ಬದಲಾದದ್ದು ಅವರು ಕೈಯಲ್ಲಿ ಹಿಡಿದ ವಸ್ತು.

ಪೆರೂಜಿಯಾದ ಪಾಠ

ನನ್ನ ಮಟ್ಟಿಗೆ ಈ ಚರಿತ್ರೆಯ ಅತಿ ಸೊಗಸಾದ ಅಧ್ಯಾಯ ಇಟಲಿಯ ಪೆರೂಜಿಯಾದಲ್ಲಿ ಬರೆದದ್ದು. 1980ರ ಆಸುಪಾಸಿನಲ್ಲಿ ಉಂಬೆರ್ತೊ ಬುವೊನ್‌ಕ್ರಿಸ್ತಿಯಾನಿ ಎಂಬ ವೈದ್ಯ ಒಂದು ಸರಳ ಸಂಗತಿಯನ್ನು ಗಮನಿಸಿದರು. ಹಳೆಯ ಚೀಲ ಬಿಚ್ಚಿ ಹೊಸದನ್ನು ಜೋಡಿಸುವ ಆ ಗಳಿಗೆಯಲ್ಲಿ ಬೆರಳಿನಿಂದಲೋ ಗಾಳಿಯಿಂದಲೋ ಕೀಲಿನ ತುದಿಗೆ ಕೆಲವು ಬ್ಯಾಕ್ಟೀರಿಯಾ ಅಂಟುತ್ತವೆ. ಮರುಕ್ಷಣವೇ ಹೊಸ ದ್ರಾವಣ ಹರಿದು ಅವನ್ನು ಸೀದಾ ಹೊಟ್ಟೆಗೆ ತಳ್ಳುತ್ತದೆ. ಅಂದರೆ ಕೊಳೆ ಅಂಟಿದ ಕೂಡಲೇ ಅದನ್ನು ಒಳಗೆ ಗುಡಿಸಿಕೊಳ್ಳುವ ಏರ್ಪಾಡು ಅದಾಗಿತ್ತು.

ಅವರು ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ಕೊಳವೆ ಮಾಡಿದರು. ಬುಡ ಹೊಟ್ಟೆಯ ಕಡೆಗೆ, ಒಂದು ಕೊಂಬೆ ಹೊಸ ಚೀಲಕ್ಕೆ, ಇನ್ನೊಂದು ಕೊಂಬೆ ಖಾಲಿ ಚೀಲಕ್ಕೆ. ಜೋಡಿಸಿದ ಮೇಲೆ ಕೀಲನ್ನು ತೊಳೆದ ದ್ರವ ಖಾಲಿ ಚೀಲಕ್ಕೆ ಹರಿಯುತ್ತದೆ. ಹೊಟ್ಟೆಯ ಹಳೆಯ ದ್ರಾವಣವೂ ಅದೇ ದಾರಿಯಲ್ಲಿ ಇಳಿಯುತ್ತದೆ. ತುಂಬಿಸುವುದು ಎಲ್ಲಕ್ಕಿಂತ ಕೊನೆಗೆ. ಮೊದಲ ಮಾದರಿಗಳಲ್ಲಿ ಕೊಳವೆಯೊಳಗೆ ಕ್ರಿಮಿನಾಶಕವನ್ನೂ ತುಂಬಿಡುತ್ತಿದ್ದರು. ದೊಡ್ಡ ಲಾಭ ಬಂದದ್ದು ಮಾತ್ರ ಕೆಲಸದ ಕ್ರಮ ಬದಲಾದದ್ದರಿಂದ: ಮೊದಲು ತೊಳೆ, ಆಮೇಲೆ ತುಂಬು. ಕೊಡವನ್ನು ಗಲಬರಿಸಿ ಚೆಲ್ಲಿ ಆಮೇಲೆ ನೀರು ಹಿಡಿಯುವ ಯಾವ ಹೆಂಗಸಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ಅನೇಕ ವೈದ್ಯರು ಮೊದಲಿಗೆ ಇದನ್ನು ನಂಬಲಿಲ್ಲ. 1983ರಲ್ಲಿ ಇಟಲಿಯ ಬ್ರೆಶಿಯಾದ ರೊಸಾರಿಯೊ ಮಾಯೋರ್ಕಾ ಮತ್ತು ಸಂಗಡಿಗರು ಎರಡೂ ಪದ್ಧತಿಗಳನ್ನು ಹೋಲಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಪದ್ಧತಿಯಲ್ಲಿ 11.3 ತಿಂಗಳಿಗೊಂದು ಸೋಂಕು, ಹೊಸ ಕೊಳವೆಯಲ್ಲಿ 33 ತಿಂಗಳಿಗೊಂದು. 1989ರಲ್ಲಿ ಕೆನಡಾದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಲ್ಲೂ ಅದೇ ದಿಕ್ಕಿನ ಉತ್ತರ: 9.9 ತಿಂಗಳ ಎದುರು 21.5 ತಿಂಗಳು. ಮುಂದೆ ಎರಡು ಚೀಲಗಳನ್ನೂ ಕಾರ್ಖಾನೆಯಲ್ಲೇ ಕೊಳವೆಗೆ ಬೆಸೆದು ಕೊಡುವ ಜೋಡಿ ಚೀಲ ಬಂತು. ರೋಗಿ ಮಾಡಬೇಕಾದ ಜೋಡಣೆ ಒಂದೇ ಒಂದಕ್ಕೆ ಇಳಿಯಿತು. ಮೈಗೆ ಕಟ್ಟಿಕೊಂಡ ಖಾಲಿ ಚೀಲವೂ ಹೋಯಿತು. ಸ್ನೇಹಿತರ ನಡುವೆ, ಹಾಸಿಗೆಯಲ್ಲಿ, ಕನ್ನಡಿಯ ಮುಂದೆ ರೋಗಿ ಮತ್ತೆ ಹಗುರಾದ.

ಮೂಗು, ಚರ್ಮ, ಮದ್ದು

ಕೀಲಿನ ಸೋಂಕು ಕಡಿಮೆಯಾದಾಗ ಉಳಿದ ದಾರಿಗಳು ಕಣ್ಣಿಗೆ ಬಿದ್ದವು. ಬೆರಳಿನಿಂದ ಬರುವ ಬ್ಯಾಕ್ಟೀರಿಯಾ ಹೆಚ್ಚಾಗಿ ಚರ್ಮದ ಮೇಲೆ ಸದಾ ಇರುವ ಸೌಮ್ಯ ಸ್ವಭಾವದ ಸ್ಟ್ಯಾಫಿಲೊಕಾಕಸ್‌ಗಳು. ಅದೇ ಕುಲದ ಆರಿಯಸ್ ಎಂಬುದು ಕ್ರೂರಿ. ಅದು ಹಲವರ ಮೂಗಿನಲ್ಲಿ ತೊಂದರೆ ಕೊಡದೆ ಮನೆ ಮಾಡಿಕೊಂಡಿರುತ್ತದೆ. ಹಾಗೆ ಮೂಗಿನಲ್ಲಿ ಹೊತ್ತವರಿಗೇ ಕೊಳವೆಯ ಬಾಯಿಯ ಸೋಂಕು ಹೆಚ್ಚು ಎಂದು 1990ರಲ್ಲಿ ಯುರೋಪಿನ ಅಧ್ಯಯನವೊಂದು ತೋರಿಸಿತು. ಆಮೇಲೆ ಕೊಳವೆ ಹೊರಬರುವ ಜಾಗಕ್ಕೆ ದಿನವೂ ಮ್ಯುಪಿರೋಸಿನ್ ಮುಲಾಮು ಹಚ್ಚುವ ರೂಢಿ ಬಂತು. 2005ರಲ್ಲಿ ಪಿಟ್ಸ್‌ಬರ್ಗ್‌ನ ತಂಡವೊಂದು ಜೆಂಟಾಮೈಸಿನ್ ಕ್ರೀಮು ಇನ್ನೂ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂದು ಕಂಡುಕೊಂಡಿತು. ಬಿಸಿಲು ಸೆಕೆ ಹೆಚ್ಚಿರುವ ತಿಂಗಳುಗಳಲ್ಲಿ ಸೋಂಕೂ ಹೆಚ್ಚುತ್ತದೆ ಎಂದು ಹಾಂಕಾಂಗಿನ ವೈದ್ಯರು ದಾಖಲಿಸಿದರು. ಬೆಕ್ಕು ಕೊಳವೆ ಕಚ್ಚಿ ಸೋಂಕು ಬಂದ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ.

ಹಾಗಾದರೆ ಆ್ಯಂಟಿಬಯಾಟಿಕ್ ಯಾಕೆ ಸಾಲದು? ಅದು ಜೀವ ಉಳಿಸುತ್ತದೆ, ನಿಜ. ದ್ರಾವಣದ ಚೀಲಕ್ಕೇ ಔಷಧ ಬೆರೆಸಿ ಹೊಟ್ಟೆಗೆ ಹಾಕಿದರೆ ಅದು ಸೋಂಕಿರುವ ಜಾಗಕ್ಕೆ ನೇರ ಮುಟ್ಟುತ್ತದೆ. ಈ ಚಿಕಿತ್ಸೆಯ ದೊಡ್ಡ ಅನುಕೂಲ ಅದು. ಆದರೆ ಬ್ಯಾಕ್ಟೀರಿಯಾ ಸಿಲಿಕೋನಿನ ಮೇಲೆ ಪಾಚಿಯ ಹಾಗೆ ಪದರ ಕಟ್ಟಿಕೊಂಡರೆ ಮದ್ದು ಅದರೊಳಗೆ ಇಳಿಯುವುದಿಲ್ಲ. ಶಿಲೀಂಧ್ರದ ಸೋಂಕಾದರೆ ಕೊಳವೆಯನ್ನು ಕೂಡಲೇ ತೆಗೆಯಲೇಬೇಕು. ಒಂದು ಕಾಲಕ್ಕೆ ಎಲ್ಲರಿಗೂ ಮೊದಲು ಕೊಡುತ್ತಿದ್ದ ವ್ಯಾಂಕೊಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಿದ್ದರಿಂದ 1996ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅದರಿಂದ ಹಿಂದೆ ಸರಿಯಿತು. ಬಂದ ಮೇಲೆ ಕೊಲ್ಲುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದೇ ಉಳಿದ ದಾರಿ.

ಆ ಹಾದಿಯಲ್ಲಿ ಎಷ್ಟು ದೂರ ಬಂದಿದ್ದೇವೆ? ಪೆರಿಟೋನಿಯಲ್ ಡಯಾಲಿಸಿಸ್‌ನ ಅಂತರರಾಷ್ಟ್ರೀಯ ಸಂಘ 2022ರಲ್ಲಿ ಹಾಕಿದ ಮಿತಿ, ಒಬ್ಬ ರೋಗಿಗೆ ವರ್ಷಕ್ಕೆ 0.4ಕ್ಕಿಂತ ಹೆಚ್ಚು ಸೋಂಕು ಆಗಬಾರದು ಎಂದು. ಅಂದರೆ ಎರಡೂವರೆ ವರ್ಷಕ್ಕೆ ಒಂದು. ಆಸ್ಟಿನ್ನಿನ ಹತ್ತು ವಾರದಿಂದ ಇಲ್ಲಿಗೆ ಹದಿಮೂರು ಪಟ್ಟು ದೂರ. ಮನುಷ್ಯರ ಬೆರಳುಗಳು 1978ರಲ್ಲಿ ಹೇಗಿದ್ದವೋ ಈಗಲೂ ಹಾಗೆಯೇ ಇವೆ. ಆಯಾಸ, ಮರೆವು, ಅವಸರ ಕೂಡ.

ಈ ಸಂಘ ಲೆಕ್ಕ ಇಡಲು ಹೇಳುವುದು ಆಸ್ಪತ್ರೆಗಳಿಗೆ ಎಂಬುದನ್ನೂ ಗಮನಿಸಬೇಕು. ಒಂದೇ ದೇಶದಲ್ಲಿ, ಒಂದೇ ಬಗೆಯ ಚೀಲ ಬಳಸುವ ಕೇಂದ್ರಗಳ ನಡುವೆಯೂ ಸೋಂಕಿನ ಪ್ರಮಾಣದಲ್ಲಿ ಭಾರಿ ಅಂತರ ಕಾಣುತ್ತದೆ. ಆಸ್ಟ್ರೇಲಿಯಾದ ದಾಖಲೆಗಳು ಇದನ್ನು ಎತ್ತಿ ತೋರಿಸಿದವು. 2007ರಲ್ಲಿ ಹಾಂಕಾಂಗಿನ ಒಂದು ಕೇಂದ್ರದ ಅಧ್ಯಯನ ಇನ್ನೂ ಇರಿಸುಮುರಿಸಿನ ಸಂಗತಿ ಹೇಳಿತು: ಅನುಭವ ಹೆಚ್ಚಿದ್ದ ನರ್ಸ್‌ಗಳಿಂದ ತರಬೇತಿ ಪಡೆದ ರೋಗಿಗಳಲ್ಲೇ ಸೋಂಕು ಹೆಚ್ಚು ಕಂಡಿತ್ತು. ಒಂದು ಕೇಂದ್ರದ ಮಾತನ್ನು ಎಲ್ಲ ಕಡೆಗೆ ಎಳೆಯುವಂತಿಲ್ಲ. ಆದರೂ, ಕಲಿಸಿದ್ದೇವೆ ಎಂದುಕೊಂಡದ್ದು ಕಲಿತದ್ದೇ ಆಗಿರಬೇಕಿಲ್ಲ ಎಂಬುದು ಮೇಷ್ಟ್ರಾಗಿದ್ದವರಿಗೆಲ್ಲ ಗೊತ್ತಿರುವ ಸತ್ಯ.

ನಮ್ಮ ಹೊಸ್ತಿಲಲ್ಲಿ

ಭಾರತಕ್ಕೆ ಸಿಎಪಿಡಿ ಬಂದದ್ದು 1991ರಲ್ಲಿ. ಹಾಂಕಾಂಗ್ 1985ರಿಂದಲೇ ಹೊಟ್ಟೆಯ ಡಯಾಲಿಸಿಸನ್ನು ಮೊದಲ ಆಯ್ಕೆಯಾಗಿ ಹಿಡಿಯಿತು, 2008ರಲ್ಲಿ ಥಾಯ್ಲೆಂಡ್ ಅದೇ ದಾರಿಯಲ್ಲಿ ಹೋಯಿತು. ನಮ್ಮಲ್ಲಿ ಬೆಳೆದದ್ದು ರಕ್ತದ ಡಯಾಲಿಸಿಸ್. 2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಮೊದಲು ಕಟ್ಟಿದ್ದೂ ಯಂತ್ರದ ಕೇಂದ್ರಗಳನ್ನೇ. 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂತು. ಮಲೆನಾಡಿನ ಒಂಟಿಮನೆಯಿಂದಲೋ ಬಯಲುಸೀಮೆಯ ಹಳ್ಳಿಯಿಂದಲೋ ವಾರಕ್ಕೆ ಎರಡು ಮೂರು ಸಲ ಬಸ್ಸು ಹಿಡಿದು ತಾಲೂಕು ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಸುಸ್ತಾಗಿ ಮರಳುವವರಿಗೆ ಮನೆಯಲ್ಲೇ ಆಗುವ ಚಿಕಿತ್ಸೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಜೊತೆಗೆ ಹೋಗುವವರ ದಿನಗೂಲಿಯೂ ಅಲ್ಲಿ ಉಳಿಯುತ್ತದೆ.

ಇಂಥವರಿಗೆ ಈ ಚಿಕಿತ್ಸೆ ಬೇಡವೆನ್ನಲು ಮುಂದಿಡುವ ಕಾರಣಗಳಲ್ಲಿ ಸೋಂಕೂ ಒಂದು. ಮಣ್ಣಿನ ಗೋಡೆ, ಒಂದೇ ಕೋಣೆ, ಓದು ಬಾರದ ಹಿರಿಯರು. ಇವರಿಂದ ಆಗುವುದಿಲ್ಲ ಎನ್ನುವ ಮಾತು. ಅಪಾಯ ಸುಳ್ಳಲ್ಲ. ಆದರೆ ಈ ಚರಿತ್ರೆ ಓದಿದವರು ‘ಇವರಿಂದ ಆಗುವುದಿಲ್ಲ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಒಪ್ಪಲಾರರು. ಗಾಜಿನ ಬಾಟಲಿ ಇದ್ದ ಕಾಲದಲ್ಲಿ ಅಮೆರಿಕದ ನಗರವಾಸಿಗಳಿಂದಲೂ ಆಗುತ್ತಿರಲಿಲ್ಲ. ಅವರನ್ನು ಗದರಿಸಿ ಸೋಂಕು ಇಳಿಯಲಿಲ್ಲ. ಕೊಳವೆಗೆ ಬಟ್ಟೆಯ ಪಟ್ಟಿ ಬಂತು, ಗಾಜು ಹೋಗಿ ಚೀಲ ಬಂತು, ತುಂಬುವುದಕ್ಕೆ ಮೊದಲು ತೊಳೆಯುವ ಕ್ರಮ ಬಂತು. ಕೈ ತಪ್ಪಿದರೂ ಹೊಟ್ಟೆ ಕೆಡದಂಥ ಸಲಕರಣೆ ಬಂದಾಗ ಸೋಂಕು ಇಳಿಯಿತು. ಹಳ್ಳಿಯ ಮನೆಗೆ ಬೇಕಾದದ್ದೂ ಅಂಥದೇ ಯೋಚನೆ: ಹರಿಯುವ ನೀರಿಗೆ ನಲ್ಲಿಯಿರುವ ಡ್ರಮ್ಮು, ತೊಳೆಯಬಹುದಾದ ಒಂದು ಮೇಜು, ಚೀಲ ತಲುಪಿಸುವ ವಾಹನ, ಮನೆಗೆ ಬಂದು ನೋಡಿ ಮತ್ತೊಮ್ಮೆ ಕಲಿಸುವ ನರ್ಸ್, ನೀರು ಕದಡಿದ ದಿನವೇ ಫೋನ್ ಎತ್ತುವ ಯಾರಾದರೊಬ್ಬರು.

ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಕಲಿಸುವ ಪಾಠಗಳು ತೀರಾ ಸರಳ. ಕಿಟಕಿ ಮುಚ್ಚು, ಫ್ಯಾನು ಆರಿಸು, ಮೂಗುಬಾಯಿಗೆ ಮಾಸ್ಕ್ ಹಾಕು, ಕೈ ತೊಳೆದು ಒರೆಸಿಕೊ, ಕೀಲಿನ ತುದಿ ಮುಟ್ಟಬೇಡ. ದಿನಕ್ಕೆ ನಾಲ್ಕು ಬಾರಿಯಂತೆ ವರ್ಷಕ್ಕೆ 1,460 ಸಲ. ಕೊನೆಯಲ್ಲಿ ಇಳಿದ ನೀರಿನ ಚೀಲದ ಹಿಂದೆ ಅಚ್ಚಾದ ಕಾಗದವೊಂದನ್ನು ಹಿಡಿದು ನೋಡಬೇಕು. ಅಕ್ಷರ ಸ್ಪಷ್ಟವಾಗಿ ಕಂಡರೆ ಇವತ್ತಿಗೆ ಎಲ್ಲ ಸರಿಯಿದೆ. ಮಸುಕಾಗಿದ್ದರೆ ಚೀಲವನ್ನು ಚೆಲ್ಲದೆ ಎತ್ತಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಅವರನ್ನು “ಕೈ ತೊಳೆದಿದ್ರಾ?” ಎಂದು ಕೇಳುವವರು ಕೇಳಲಿ. ಆ ಕೈಗೆ ಕೊಟ್ಟ ಸಲಕರಣೆ, ಕಲಿಸಿದ ಪಾಠ, ತಲುಪಿಸಿದ ನೀರು ಹೇಗಿತ್ತು ಎಂದು ತಮ್ಮನ್ನೂ ಒಂದು ಸಲ ಕೇಳಿಕೊಳ್ಳಲಿ.